ಮುಂದಕ್ಕೆ ಹೋದ ಮೈಕ್ರೋಸೆಕೆಂಡು

೩ ಮಾರ್ಚ್ ೧೯೮೬, ಸೋಮವಾರ

ಇಂದಿನಿಂದ ಮೂರು ಗಡಿಯಾರಗಳೂ ಓಡತೊಡಗಿದವು. ಒಂದು ಇಲ್ಲಿ ಪೀಣ್ಯದಲ್ಲಿ, ನನ್ನ ಮೇಜಿನ ಎದುರು. ಒಂದು ದೊಡ್ಡನೆಕ್ಕುಂದಿಯಲ್ಲಿ. ಇನ್ನೊಂದು ಜಿಗಣಿಯಲ್ಲಿ. ಗಡಿಯಾರ ಎಂದರೆ ಮುಖವಿಲ್ಲ, ಮುಳ್ಳಿಲ್ಲ. ಟ್ರಂಕಿನಷ್ಟು ದೊಡ್ಡ ಬೂದು ಪೆಟ್ಟಿಗೆ, ಒಳಗೊಂದು ಸ್ಫಟಿಕದ ಚೂರು. ಗಂಟೆ ಎಷ್ಟು ಎಂದು ಕೇಳಿದರೆ ಹೇಳುವುದಿಲ್ಲ. ಅದಕ್ಕೆ ನನ್ನ ಕೈಗಡಿಯಾರವನ್ನೇ ನೋಡಬೇಕು.

ನಮ್ಮ ಘಟಕದ ಮುಖ್ಯಸ್ಥರು ಡಾಕ್ಟರ್ ಶ್ಯಾಮಣ್ಣ. ಬೆಳಿಗ್ಗೆ ಎಲ್ಲರನ್ನೂ ಶೆಡ್ಡಿನಲ್ಲಿ ನಿಲ್ಲಿಸಿಕೊಂಡು ಮತ್ತೊಮ್ಮೆ ವಿವರಿಸಿದರು. ಎಲ್ಲೋ ದೂರದಲ್ಲಿ ಎರಡು ಸತ್ತ ನಕ್ಷತ್ರಗಳು ಒಂದನ್ನೊಂದು ಸುತ್ತುತ್ತವಂತೆ. ಆ ಸುತ್ತಿಗೆ ಆಕಾಶವೇ ಅಲೆಯಂತೆ ನಡುಗುತ್ತದಂತೆ. ಆ ನಡುಕ ನಮ್ಮ ತನಕ ಬರುವಷ್ಟರಲ್ಲಿ ಎಷ್ಟು ಸಣ್ಣದಾಗಿರುತ್ತದೆಂದರೆ, ಲಕ್ಷಾಂತರ ಮೈಲಿ ದೂರದಲ್ಲಿ ನಿಂತ ಎರಡು ನೌಕೆಗಳ ನಡುವಿನ ಅಂತರ ಒಂದು ಪರಮಾಣುವಿನಷ್ಟೂ ಬದಲಾಗುವುದಿಲ್ಲ. ಅದನ್ನು ಹಿಡಿಯಬೇಕಾದರೆ ಮೂರು ನೌಕೆಗಳನ್ನು ತ್ರಿಕೋಣದಲ್ಲಿ ನಿಲ್ಲಿಸಿ, ಒಂದರಿಂದ ಇನ್ನೊಂದಕ್ಕೆ ಬೆಳಕು ಬಿಟ್ಟು, ಅದು ಯಾವಾಗ ಮುಟ್ಟಿತು ಎಂದು ಅಳೆಯಬೇಕು. ಅದಕ್ಕೂ ಮೊದಲು ಮೂರು ನೌಕೆಗಳ ಗಡಿಯಾರಗಳಿಗೂ ತಾಳೆ ಹಾಕಿರಬೇಕು. ನೌಕೆಗಳಿಲ್ಲ. ಆದ್ದರಿಂದ ಪೀಣ್ಯ, ದೊಡ್ಡನೆಕ್ಕುಂದಿ, ಜಿಗಣಿ.

ನೌಕೆ ಯಾವಾಗ ಹಾರುತ್ತದೆ ಎಂದು ವ್ಯಾನು ಓಡಿಸುವ ನಲ್ಲಪ್ಪ ಕೇಳಿದ. ನಮ್ಮ ಕಾಲಕ್ಕಲ್ಲ ಎಂದರು ಶ್ಯಾಮಣ್ಣ, ಸಂತೋಷದಿಂದಲೇ. ಗಡಿಯಾರಗಳು ಒಂದಕ್ಕೊಂದು ಒಪ್ಪಬೇಕಾಗಿಲ್ಲ, ಎಷ್ಟು ಒಪ್ಪುವುದಿಲ್ಲ ಎಂಬುದು ಖಚಿತವಾಗಿ ಗೊತ್ತಿದ್ದರೆ ಸಾಕು ಎಂದೂ ಹೇಳಿದರು. ನನ್ನ ಮತ್ತು ಈಶ್ವರಮ್ಮನ ಇಪ್ಪತ್ತೊಂದು ವರ್ಷದ ಸಂಸಾರವನ್ನು ಇಷ್ಟು ಚೆನ್ನಾಗಿ ಯಾರೂ ವಿವರಿಸಿರಲಿಲ್ಲ.

ನನ್ನ ಕೆಲಸ ಸುಲಭ. ದಿನಾ ಹನ್ನೊಂದು ಗಂಟೆಗೆ ಪೀಣ್ಯದಿಂದ ರೇಡಿಯೋ ಮಿಡಿತ ಹೋಗುತ್ತದೆ. ಅಲ್ಲಿಯವರ ತೆರೆಯ ಮೇಲೆ ತಮ್ಮ ಗಡಿಯಾರದ್ದೊಂದು ಮೊನೆ, ನಮ್ಮದೊಂದು ಮೊನೆ ಮೂಡುತ್ತದೆ. ಎರಡರ ಅಂತರ ಎಷ್ಟು ಮೈಕ್ರೋಸೆಕೆಂಡು, ಯಾವುದು ಮುಂದು ಎಂದು ಫೋನಿನಲ್ಲಿ ಹೇಳುತ್ತಾರೆ. ಪೀಣ್ಯ ಮುಂದಿದ್ದರೆ ಕೂಡು ಗುರುತು, ಹಿಂದಿದ್ದರೆ ಕಳೆ ಗುರುತು, ಮುಂದೆ ಅಂಕಿ. ದಾಖಲೆ ಒಂದೇ ಕಡೆ ಇರಬೇಕು, ಎರಡು ಕಡೆ ಬರೆದರೆ ತಪ್ಪು ನುಸುಳುತ್ತದೆ ಎಂಬುದು ಶ್ಯಾಮಣ್ಣನವರ ನಿಯಮ. ಹಾಗಾಗಿ ಅಲ್ಲಿಯವರು ಏನನ್ನೂ ಬರೆದಿಡುವಂತಿಲ್ಲ.

ದೊಡ್ಡನೆಕ್ಕುಂದಿಯ ಲಕ್ಷ್ಮಯ್ಯ "ಪೀಣ್ಯ ಫಾಸ್ಟು, ಮೂವತ್ತು" ಎಂದು ಕೂಗಿ ಫೋನಿಟ್ಟ. ಜಿಗಣಿಯವಳೂ ಫಾಸ್ಟು ಎನ್ನಲು ಹೊರಟಳು. ಕನ್ನಡದಲ್ಲೇ ಹೇಳಮ್ಮ, ನಮಗೇನು ಪದಗಳಿಗೆ ಬರವೇ ಎಂದೆ. ಸ್ವಲ್ಪ ಹೊತ್ತು ಯೋಚಿಸಿ, "ಪೀಣ್ಯದ್ದು ಮೊದ್ಲು ಸಾರ್, ನೂರಾ ನಾಕು" ಎಂದಳು. ಕಿವಿಗೆ ಎಷ್ಟು ಹಿತ. ಕೂಡು ನೂರಾ ನಾಲ್ಕು ಬರೆದೆ.

ಸೆಕೆಂಡಿಗೆ ಹತ್ತು ಲಕ್ಷ ಹೋಳು,
ಒಂದೊಂದು ಹೋಳಿಗೂ ನನ್ನದೇ ಗೋಳು.

೧೧ ಮಾರ್ಚ್, ಮಂಗಳವಾರ

ಬಸ್ಸಿನಲ್ಲಿ, ಹೋಟೆಲಿನಲ್ಲಿ, ನಾಗಸಂದ್ರದ ನಮ್ಮ ಬೀದಿಯಲ್ಲಿ ಎಲ್ಲರೂ ಹ್ಯಾಲಿ ಧೂಮಕೇತುವಿನ ವಿಚಾರ ನನ್ನನ್ನೇ ಕೇಳುತ್ತಾರೆ. ಆಕಾಶಕ್ಕೆ ಸಂಬಂಧಪಟ್ಟ ಆಫೀಸು ಎಂದು ಈಶ್ವರಮ್ಮ ಸಾರಿಬಿಟ್ಟಿದ್ದಾಳೆ. ನಾನಿನ್ನೂ ನೋಡಿಲ್ಲ ಎಂದರೆ ನಂಬುವುದಿಲ್ಲ. ಸರ್ಕಾರದ ಗುಟ್ಟಿರಬೇಕು ಎಂದು ತಲೆಯಾಡಿಸುತ್ತಾರೆ.

ಜಿಗಣಿ ಇವತ್ತು ಐವತ್ತಾರು. ದಿನಕ್ಕೆ ಆರಾರರಂತೆ ಇಳಿಯುತ್ತಿದೆ. ಶ್ಯಾಮಣ್ಣ ಚೌಕಳಿ ಹಾಳೆಯ ಮೇಲೆ ಚುಕ್ಕೆ ಇಟ್ಟು, ಅಳತೆಪಟ್ಟಿ ಹಿಡಿದು, ಮಗುವಿನ ತಲೆ ಸವರುವಂತೆ ಗೆರೆಯನ್ನು ಸವರುತ್ತಾರೆ. ಗಡಿಯಾರ ತಪ್ಪುವುದಕ್ಕೆ ಅವರಿಗೆ ಬೇಸರವಿಲ್ಲ. ದಿನಾ ಅಷ್ಟಷ್ಟೇ ತಪ್ಪಬೇಕು. ಏಪ್ರಿಲ್ ಮುಗಿಯುವ ತನಕ ಗೆರೆ ಹೀಗೇ ನೆಟ್ಟಗೆ ಹೋದರೆ ಮೇಲಿನವರು ತ್ರಿಕೋಣವನ್ನು ಮುಂದುವರಿಸಲು ಒಪ್ಪುತ್ತಾರೆ. ಅದರ ಜೊತೆಗೇ ನನ್ನನ್ನು ಖಾಯಂ ಮಾಡುವ ಕಡತವನ್ನೂ ಸಹಿ ಹಾಕಿ ಕಳಿಸುತ್ತಾರಂತೆ.

ಹನ್ನೊಂದು ವರ್ಷದಿಂದ ತಾತ್ಕಾಲಿಕ,
ಈಗ ಕಾಲವೇ ನನ್ನ ಮಾಲೀಕ.

ಜಿಗಣಿಯವಳ ಹೆಸರು ಭಾಗ್ಯಮ್ಮ. ಅಲ್ಲಿ ಕಾರ್ಖಾನೆಗಳಿಗೆ ಜಮೀನು ತೆಗೆದುಕೊಂಡಾಗ ಮನೆಗೊಬ್ಬರಿಗೆ ಕೆಲಸ ಎಂದಿದ್ದರಂತೆ. ಅವಳಪ್ಪ ಚಿಕ್ಕಬೈರಪ್ಪ ಗಂಡುಮಕ್ಕಳಿಬ್ಬರನ್ನು ಬಿಟ್ಟು, ಗಂಡ ತೀರಿಕೊಂಡು ತವರಿಗೆ ಬಂದಿದ್ದ ಮಗಳ ಹೆಸರು ಬರೆಸಿದನಂತೆ. ಎಸ್ಸೆಸ್ಸೆಲ್ಸಿ ಪಾಸು. ಹೊಲದಿಂದ ನೇರ ಗಡಿಯಾರಕ್ಕೆ. ಇದೆಲ್ಲ ನಲ್ಲಪ್ಪನ ವರದಿ. ವಾರಕ್ಕೊಮ್ಮೆ ಬ್ಯಾಟರಿ ಬದಲಿಸಲು ಹೋಗುವವನು ಅವನೇ.

೨೧ ಮಾರ್ಚ್, ಶುಕ್ರವಾರ

ಸೆಕೆ. ಶೆಡ್ಡಿನ ತಗಡಿನ ಕೆಳಗೆ ಗಡಿಯಾರಕ್ಕೆ ಮಾತ್ರ ತಂಪು ಯಂತ್ರ. ನನಗೆ ಅದರ ಬೆನ್ನಿನ ಬಿಸಿಗಾಳಿ.

ನಿನ್ನೆ ಜಿಗಣಿ ಎರಡಕ್ಕೆ ಇಳಿದಿತ್ತು. ಇವತ್ತು ಫೋನು ಗರಗರ. "ಪೀಣ್ಯದ್ದು ಮುಂದಕ್ಕೋಗೈತೆ ಸಾರ್, ನಾಕು" ಎಂದಳು. ಮುಂದೆಯೇನಮ್ಮ ಎಂದು ಕೇಳಿದೆ. ಊಂ ಸಾರ್, ಮುಂದಕ್ಕೆ ಎಂದಳು. ನಿನ್ನೆಯ ತನಕ ಮೊದಲು ಎನ್ನುತ್ತಿದ್ದವಳು ಇವತ್ತು ಮುಂದಕ್ಕೆ. ಪದ ಬದಲಾಯಿಸಿ ಬೇಸರ ಕಳೆಯುತ್ತಿದ್ದಾಳೆ ಎಂದುಕೊಂಡು ಕೂಡು ನಾಲ್ಕು ಬರೆದೆ. ಇಳಿಯಬೇಕಾದದ್ದು ಏರಿತಲ್ಲ ಎಂದು ಆಮೇಲೆ ಹೊಳೆಯಿತು. ಇರಲಿ. ಕಳೆ ಕೀಳುವ ಕೈ ಮೈಕ್ರೋಸೆಕೆಂಡು ಕೀಳಲು ಬಂದರೆ ಹೀಗೇ.

ಜಿಗಣಿಯ ಜಾಣೆ,
ಫೋನಿನಲ್ಲಿ ಅರ್ಧ ಮಾತು ಕಾಣೆ.

ಸಂಜೆ ಚುಕ್ಕೆ ಇಡುವಾಗ ಶ್ಯಾಮಣ್ಣ ಹುಬ್ಬು ಗಂಟಿಕ್ಕಿದರು.

ಗೆರೆ ನೆಟ್ಟಗಿದ್ದರೆ ಹಾಲಿನ ಬಣ್ಣ,
ಸೊಟ್ಟಗಾದರೆ ಕೆಂಡ ನಮ್ಮ ಶ್ಯಾಮಣ್ಣ.

ಒಂದೇ ದಿನಕ್ಕೆ ಎರಡು ಪ್ರಾಸ. ಊಟ ಸೇರಿತು.

೨ ಏಪ್ರಿಲ್, ಬುಧವಾರ

ಜಿಗಣಿ ಎಪ್ಪತ್ತಾರು. ದಿನಾ ಆರು ಇಳಿಯುತ್ತಿದ್ದದ್ದು ಸೊನ್ನೆಯ ಹತ್ತಿರ ಹೋಗಿ, ಬಿಸಿ ತಾಗಿದಂತೆ ಹಿಂದಕ್ಕೆ ಹಾರಿ, ದಿನಾ ಆರು ಏರುತ್ತಿದೆ. ಹಾಳೆಯ ಮೇಲೆ ಬಾವಿಗೆ ಬಿದ್ದು ಎದ್ದು ಬಂದ ಹಾಗೆ ಕಾಣುತ್ತದೆ.

ಶ್ಯಾಮಣ್ಣ ನನ್ನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು. ಸ್ಫಟಿಕ ಒಂದೇ ದಿನದಲ್ಲಿ ಬುದ್ಧಿ ಬದಲಿಸುವುದಿಲ್ಲ ಎಂದರು. ಪೆಟ್ಟಿಗೆಯ ಮುಂದೆ ವೇಗ ತಿದ್ದುವ ತಿರುಪು ಇದೆ. ಅದನ್ನು ಮುಟ್ಟಕೂಡದು ಎಂದು ಮೊದಲ ದಿನವೇ ಹೇಳಿದೆ. ಜಿಗಣಿಯಲ್ಲಿ ಯಾರೋ ಮುಟ್ಟಿದ್ದಾರೆ. ಅಂತರ ಸೊನ್ನೆಗೆ ಬಂತಲ್ಲ, ಅಲ್ಲೇ ನಿಲ್ಲಿಸಿಬಿಟ್ಟರೆ ಮೆಚ್ಚುತ್ತಾರೆ ಎಂದುಕೊಂಡು ತಿರುಗಿಸಿರಬೇಕು, ಕೈ ಹೆಚ್ಚಾಗಿದೆ ಎಂದರು.

ಪುಸ್ತಕದಲ್ಲಿ ಏನಾದರೂ ಎಂದು ನಾನು ಬಾಯಿ ತೆರೆದೆ, ಶಿಷ್ಟಾಚಾರಕ್ಕೆ.

"ನಿಮ್ಮ ಪುಸ್ತಕದ ಮೇಲೆ ನಂಗೆ ಅನುಮಾನ ಇಲ್ಲ ನರಸಿಂಹಯ್ಯ. ಹನ್ನೊಂದು ವರ್ಷದಲ್ಲಿ ಒಂದು ಗುರುತು ತಪ್ಪಿಲ್ಲ ನೀವು."

ಇಂಥ ಮಾತನ್ನು ಅವರು ವರ್ಷಕ್ಕೊಮ್ಮೆಯೂ ಆಡುವುದಿಲ್ಲ. ದೊಡ್ಡನೆಕ್ಕುಂದಿಗೂ ಜಿಗಣಿಗೂ ನೇರ ತಾಳೆ ನೋಡಿದರೆ ಗೊತ್ತಾಗುತ್ತಿತ್ತು, ಆದರೆ ಜಿಗಣಿಯಿಂದ ರೇಡಿಯೋ ಬಿಡುವ ಪರವಾನಗಿ ದಿಲ್ಲಿಯಿಂದ ಇನ್ನೂ ಬಂದಿಲ್ಲ. ಬರುವಾಗ ಬರುತ್ತದೆ.

ಹನ್ನೊಂದು ವರ್ಷ, ಒಂದು ಗುರುತು ತಪ್ಪಿಲ್ಲ. ಈಶ್ವರಮ್ಮನಿಗೆ ಹೇಳಿದೆ. ಉಪ್ಪು ತರುವುದು ಮಾತ್ರ ಮೂರು ದಿನದಿಂದ ತಪ್ಪಿದೆ ಎಂದಳು.

೧೧ ಏಪ್ರಿಲ್, ಶುಕ್ರವಾರ

ನಿನ್ನೆ ಯುಗಾದಿ. ಹೊಸ ಸಂವತ್ಸರದ ಹೆಸರು ಪಂಚಾಂಗದಲ್ಲಿ ಕ್ಷಯ ಎಂದಿದೆ. ಕ್ಯಾಲೆಂಡರಿನವರು ಅಕ್ಷಯ ಎಂದು ಅಚ್ಚು ಹಾಕಿದ್ದಾರೆ. ಒಂದಕ್ಷರ ಸೇರಿಸಿ ಸವೆಯುವುದನ್ನು ಸವೆಯದಂತೆ ಮಾಡಿಬಿಟ್ಟರು. ನನಗೂ ಎಲ್ಲಾದರೂ ಒಂದಕ್ಷರ ಸೇರಿಸಿದರೆ ಬೇಸಿಗೆಯ ಈ ಸುಸ್ತು ಹೋಗುತ್ತದೋ ಏನೋ.

ಭಾಗ್ಯಮ್ಮನಿಗೆ ಕಾರಣ ಕೇಳಿ ನೋಟೀಸು. ಕನ್ನಡ ಚೆನ್ನಾಗಿ ಬರೆಯುವವರು ನೀವೇ ಎಂದು ಶ್ಯಾಮಣ್ಣ ನನಗೇ ಒಪ್ಪಿಸಿದರು. "ಸದರಿ ಗಡಿಯಾರದ ತಿರುಪನ್ನು ಅನಧಿಕೃತವಾಗಿ ಮುಟ್ಟಿರುವುದು ಮೇಲ್ನೋಟಕ್ಕೆ ಕಂಡುಬಂದಿದ್ದು, ಏಳು ದಿನದೊಳಗೆ ಸಮಜಾಯಿಷಿ ನೀಡತಕ್ಕದ್ದು. ತಪ್ಪಿದಲ್ಲಿ ಏಪ್ರಿಲ್ ಮೂವತ್ತರಿಂದ ಕೆಲಸದಿಂದ ತೆಗೆಯಲಾಗುವುದು." ಎರಡು ಸಲ ತಿದ್ದಿದೆ. ಒಳ್ಳೆಯ ಗದ್ಯ.

ಮಂಗಳವಾರ ನಲ್ಲಪ್ಪನ ಜೊತೆ ಹೋಗಿ ಕೈಯಾರೆ ಕೊಟ್ಟು, ಒಮ್ಮೆ ಪೆಟ್ಟಿಗೆಯನ್ನೂ ನೋಡಿ ಬರಬೇಕು.

೧೫ ಏಪ್ರಿಲ್, ಮಂಗಳವಾರ

ಮೈಕೈ ನೋವು. ಆದರೂ ಬರೆಯುತ್ತೇನೆ.

ವ್ಯಾನಿನಲ್ಲಿ ಎರಡು ಗಂಟೆ. ಚಿಕ್ಕಬೈರಪ್ಪನ ಮನೆಯ ಪಕ್ಕದಲ್ಲೇ ಗಡಿಯಾರದ ಕೋಣೆ, ಬಾಡಿಗೆಗೆ ತೆಗೆದುಕೊಂಡದ್ದು. ಮುಂಚೆ ರಾಗಿ ಮೂಟೆ ಇಡುತ್ತಿದ್ದರಂತೆ. ಈಗ ನೆಲಕ್ಕೆ ಸಿಮೆಂಟು, ಬಾಗಿಲಿಗೆ ಬೀಗ. ಅವಳ ತಾಯಿ ಅಶ್ವತ್ಥಮ್ಮ ಮಜ್ಜಿಗೆ ತಂದುಕೊಟ್ಟಳು, ಹೊಸಿಲ ಆಚೆಯಿಂದಲೇ. ಒಳಗೆ ಬರೋ ಹಂಗಿಲ್ಲ ಅಂತಾಳೆ ನನ್ ಮಗಳು, ದೂಳು ಬತ್ತದಂತೆ ಎಂದು ನಗಾಡಿದಳು.

ಭಾಗ್ಯಮ್ಮನಿಗೆ ಮೂವತ್ತೈದಿರಬಹುದು. ಫೋನಿನ ದನಿಯಿಂದ ಎತ್ತರದವಳು ಎಂದು ಏಕೋ ಅಂದುಕೊಂಡಿದ್ದೆ. ತಿರುಪಿನ ಮೇಲೆ ಕುಂಕುಮದ ಡಬ್ಬಿಯ ಮುಚ್ಚಳ ಬೋರಲು ಹಾಕಿ ಅಂಟಿಸಿದ್ದಳು. ಯಾಕೆಂದು ಕೇಳಿದೆ. ಒರಸುವಾಗ ಬಟ್ಟೆ ತಗುಲಿ ತಿರುಗೀತು ಎಂದಳು. ಮೊದಲ ದಿನದಿಂದಲೂ ಇದೆಯಂತೆ. ಅಂಟು ಹಳದಿಗೆ ತಿರುಗಿತ್ತು, ಒಡೆದಿರಲಿಲ್ಲ.

ನೋಟೀಸು ಜೇಬಿನಲ್ಲೇ ಇತ್ತು. ಹನ್ನೊಂದಕ್ಕೆ ಐದು ನಿಮಿಷವಿತ್ತು. ನನ್ನೆದುರಿಗೇ ಅಳತೆ ಮಾಡು ಎಂದೆ. ತೆರೆಯ ನಡುವೆ ಜಿಗಣಿಯ ಮೊನೆ. ಅದರ ಬಲಕ್ಕೆ, ಸಾಕಷ್ಟು ದೂರದಲ್ಲಿ, ನಮ್ಮದು. ತೆರೆಯಲ್ಲಿ ಕಾಲ ಎಡದಿಂದ ಬಲಕ್ಕೆ ಓಡುತ್ತದೆ. ಬಲಕ್ಕಿದ್ದದ್ದು ಆಮೇಲೆ ಬಂದದ್ದು. ಅವಳು ಗುಂಡಿ ತಿರುಗಿಸಿ, ಅಂಕಿ ನೋಡಿ, ದಿನಾ ಹೇಳುವಂತೆಯೇ ಹೇಳಿದಳು.

"ಪೀಣ್ಯದ್ದು ಮುಂದಕ್ಕೋಗೈತೆ ಸಾರ್. ನೂರಾ ಐವತ್ನಾಕು."

ನಾನು ತೆರೆಯನ್ನೇ ನೋಡುತ್ತಿದ್ದೆ. ಇದು ಹಿಂದಲ್ಲವೇನಮ್ಮ ಎಂದೆ.

"ಇಂದೆ ಎಂಗಾಯ್ತದೆ ಸಾರ್? ನಮ್ದು ಬಂದಾಯ್ತು, ನಿಮ್ದು ಇನ್ನೂ ಬರ್ಬೇಕು. ನಮ್ಮಕ್ಕನ ಮಗಳ ಮದ್ವೆ ವೈಶಾಖಕ್ಕೆ ಮುಂದಕ್ಕೋಯ್ತು ಅಂದ್ರೆ, ಬೇಗ ಬಂತು ಅಂತ್ಲಾ ಅರ್ಥ?"

ಮಜ್ಜಿಗೆಯ ಲೋಟ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಗಡಿಯಾರ ಮುಂದಿದೆ ಎಂದರೆ ಬೇಗ ಓಡುತ್ತಿದೆ ಎಂದು. ಮದುವೆ ಮುಂದಕ್ಕೆ ಹೋಯಿತು ಎಂದರೆ ತಡವಾಯಿತು ಎಂದು. ನಾನು ಗಡಿಯಾರದ ಮುಂದು ಬರೆದುಕೊಂಡೆ. ಅವಳು ಮದುವೆಯ ಮುಂದು ಹೇಳುತ್ತಿದ್ದಳು. ಮಾರ್ಚ್ ಇಪ್ಪತ್ತೊಂದರಿಂದ ಒಂದೊಂದು ಗುರುತೂ ಉಲ್ಟಾ. ಗಡಿಯಾರ ಸೊನ್ನೆ ದಾಟಿ ನೆಟ್ಟಗೇ ಹೋಗಿದೆ. ತಿರುಪನ್ನು ಯಾರೂ ಮುಟ್ಟಿಲ್ಲ. ಕನ್ನಡದಲ್ಲೇ ಹೇಳು ಎಂದವನು ನಾನು.

ಹೊರಡುವಾಗ, ಕೆಲಸ ಹೇಗಿದೆ ಎಂದು ಸುಮ್ಮನೆ ಕೇಳಿದೆ. ಅವಳು ಕೋಣೆಯನ್ನು ಒಮ್ಮೆ ನೋಡಿದಳು.

"ಇಲ್ಲಿ ಕೂತ್ಕಂಡ್ರೆ ನನ್ನ ಯಾರೂ ಕರೆಯಲ್ಲ ಸಾರ್. ಭಾಗ್ಯಾ ನೀರ್ ತಕಂಬಾ, ಭಾಗ್ಯಾ ಮಗೀನ್ ಎತ್ಕೊ, ಏನೂ ಇಲ್ಲ. ಗಡಿಯಾರ ನೋಡ್ಕಂತಾವ್ಳೆ ಅಂತ ನಮ್ಮಣ್ಣಂದಿರೂ ಸುಮ್ಕಾಯ್ತಾರೆ."

ನೋಟೀಸು ಕೊಡಲಿಲ್ಲ. ವಾಪಸ್ಸು ಬರುವಾಗ ನಲ್ಲಪ್ಪ ನನ್ನ ಜೇಬನ್ನು ನೋಡಿದ.

೧೬ ಏಪ್ರಿಲ್, ಬುಧವಾರ

ಕೊಟ್ಟಿರಾ ಎಂದರು ಶ್ಯಾಮಣ್ಣ. ಆಕೆ ಊರಲ್ಲಿರಲಿಲ್ಲ ಎಂದೆ. ಹಾಗಾದರೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ ಎಂದರು. ಕಳಿಸಿದೆ.

೧೭ ಏಪ್ರಿಲ್, ಗುರುವಾರ

ಯೋಚಿಸಿ ನೋಡಿದರೆ ಅವಸರವೇನಿಲ್ಲ. ಪರವಾನಗಿ ಬಂದ ದಿನ ದೊಡ್ಡನೆಕ್ಕುಂದಿಗೂ ಜಿಗಣಿಗೂ ತಾಳೆ ನೋಡುತ್ತಾರೆ, ನಿಜ ತಾನಾಗಿ ಹೊರಬರುತ್ತದೆ. ಆಗ ಅದು ಯಾರ ತಪ್ಪೂ ಅಲ್ಲ, ಬರೀ ಫೋನಿನ ಗರಗರ. ಅಷ್ಟರಲ್ಲಿ ನನ್ನ ಕಡತ ಹೊರಟಿರುತ್ತದೆ.

ಪರವಾನಗಿ ಮೇ ತಿಂಗಳಿಗೆ ಅಂತೆ. ನೋಟೀಸಿನಲ್ಲಿ ಮೂವತ್ತು ಏಪ್ರಿಲ್. ಆ ದಿನಾಂಕ ನನ್ನದೇ ಅಕ್ಷರದಲ್ಲಿದೆ.

೧೯ ಏಪ್ರಿಲ್, ಶನಿವಾರ

ಕೂಡು ನೂರಾ ಎಪ್ಪತ್ತೆಂಟು. ಗೊತ್ತಿದ್ದೂ ಕೂಡು ಬರೆದೆ. ಪ್ರಾಸ ಯಾವುದೂ ಇಲ್ಲ.

೨೩ ಏಪ್ರಿಲ್, ಬುಧವಾರ

ನೋಟೀಸು ಮುಟ್ಟಿದೆ.

ಹನ್ನೊಂದಕ್ಕೆ ಭಾಗ್ಯಮ್ಮ ಅಂಕಿ ಮಾತ್ರ ಹೇಳಿದರು. ಇನ್ನೂರಾ ಎರಡು. ಮೊದಲೋ, ಮುಂದಕ್ಕೋ ಎಂದು ಕೇಳಿದೆ.

"ನಿಮ್ಗೆಂಗ್ ಬೇಕೋ ಅಂಗ್ ಬರ್ಕಳಿ ಸಾರ್."

ಫೋನಿಡಲಿಲ್ಲ. ನಾನೂ ಇಡಲಿಲ್ಲ. ಲೈನಿನಲ್ಲಿ ಎಲ್ಲೋ ಯಾರೋ ಸಕ್ಕರೆಯ ವಿಚಾರ ಮಾತಾಡುತ್ತಿದ್ದರು.

ಪುಸ್ತಕದಲ್ಲಿ ಅಂಕಿ ಬರೆದು ಗುರುತಿನ ಜಾಗ ಖಾಲಿ ಬಿಟ್ಟೆ.

೨೪ ಏಪ್ರಿಲ್, ಗುರುವಾರ

ಬೆಳಿಗ್ಗೆ ಶ್ಯಾಮಣ್ಣ ಕೂರುವ ಮೊದಲೇ ಒಳಗೆ ಹೋಗಿ ಹೇಳಿದೆ. ಮೊದಲು, ಮುಂದೆ, ಮುಂದಕ್ಕೆ, ಗಡಿಯಾರ, ಮದುವೆ, ಎಲ್ಲ. ಆಕೆ ಊರಲ್ಲೇ ಇದ್ದರು ಎಂಬುದನ್ನೂ. ನಿಂತೇ ಇದ್ದರು, ಕೇಳಿಸಿಕೊಂಡರು. ಕೆಂಡವಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು.

ಪೆನ್ಸಿಲ್ ತೆಗೆದುಕೊಂಡು ಮಾರ್ಚ್ ಇಪ್ಪತ್ತೊಂದರಿಂದ ಈಚಿನ ಚುಕ್ಕೆಗಳನ್ನೆಲ್ಲ ಸೊನ್ನೆಯ ಗೆರೆಯ ಕೆಳಗೆ ಇಟ್ಟರು. ಬಾವಿ ಮಾಯವಾಯಿತು. ಒಂದೇ ಗೆರೆ, ಹಾಳೆಯ ಈ ತುದಿಯಿಂದ ಆ ತುದಿಗೆ. ಅದನ್ನು ಬಹಳ ಹೊತ್ತು ನೋಡಿದರು, ಸವರಲಿಲ್ಲ.

"ಗೆರೆ ನೆಟ್ಟಗೆ ಬರ್ಲಿ ಅಂತ ನಾವೇ ಗುರುತು ತಿರುಗಿಸಿಬಿಟ್ರೆ ಅದು ಅಳತೆ ಅಲ್ಲ ನರಸಿಂಹಯ್ಯ, ಆಸೆ. ಆಕೆ ಏನಂದ್ರು ಅಂತ ಅವತ್ತೇ ಬರ್ದಿಟ್ಟದ್ದು ಏನಾದ್ರೂ ಇದೆಯಾ? ಇಲ್ದಿದ್ರೆ ಐದು ವಾರ ದಂಡ. ಆ ಹೆಣ್ಣುಮಗಳ ಮೇಲಿನ ಅನುಮಾನಾನೂ ಹಾಗೇ ಉಳಿಯುತ್ತೆ."

ದಾಖಲೆ ಪುಸ್ತಕದಲ್ಲಿ ಪದಗಳಿಲ್ಲ, ಗುರುತುಗಳು ಮಾತ್ರ. ಅಲ್ಲಿಯವರು ಬರೆದಿಡುವಂತಿಲ್ಲ.

ಇದೆ ಸಾರ್ ಎಂದೆ.

ಮಧ್ಯಾಹ್ನ ನಾಗಸಂದ್ರಕ್ಕೆ ನಡೆದು ಬಂದು ಈ ದಿನಚರಿ ಪುಸ್ತಕವನ್ನು ತೆಗೆದುಕೊಂಡು ಹೋದೆ. ಈಶ್ವರಮ್ಮ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಿ ನೋಡಿದಳು. ಇಪ್ಪತ್ತೊಂದನೆಯ ತಾರೀಖಿನ ಪುಟ ತೆರೆದು ಶ್ಯಾಮಣ್ಣನ ಮುಂದಿಟ್ಟೆ. ಆ ಪುಟದಲ್ಲಿ ಏನೇನಿದೆ ಎಂಬುದು ಇಟ್ಟ ಮೇಲೆ ನೆನಪಾಯಿತು.

ಪೂರ್ತಿ ಓದಿದರು. ಹಾಲಿನ ಬಣ್ಣದ ಹತ್ತಿರ ಬಂದಾಗ ನಿಂತರು. ಕೆಂಡ ಅನ್ನೋದು ಸ್ವಲ್ಪ ಜಾಸ್ತಿ ಎಂದರು. ಆಮೇಲೆ, ಈ ಪುಟದ ಇಡೀ ನಕಲು ಕಡತಕ್ಕೆ ಸೇರಬೇಕು, ಭಾಗ್ಯಮ್ಮ ಓದಿ ಹೌದು ಎಂದು ಸಹಿ ಹಾಕಬೇಕು ಎಂದರು. ಬೇಕಾದ ಎರಡು ಸಾಲು ಮಾತ್ರ ಬರೆದುಕೊಟ್ಟರೆ ಸಾಲದೇ ಎಂದು ಕೇಳಿದೆ. ನಮಗೆ ಬೇಕಾದ್ದನ್ನು ಮಾತ್ರ ಆರಿಸಿಕೊಂಡರೆ ಅದು ಸಾಕ್ಷಿಯಾಗುವುದಿಲ್ಲ ಎಂದರು. ಅದೂ ನಿಜ.

ಖಾಯಂ ಕಡತದ ಮಾತು ಅವರೇ ಎತ್ತಿದರು. ಅದನ್ನು ಈಗ ಕಳಿಸುವುದು ತನ್ನ ಕೈಲಾಗದು ಎಂದರು. ಸರಿ ಸಾರ್ ಎಂದೆ.

ಮನೆಯಲ್ಲಿ ಈಶ್ವರಮ್ಮ ಕಾಯುತ್ತಿದ್ದಳು. ಆಫೀಸಿನವರೆಲ್ಲ ಓದುವ ಪುಸ್ತಕದಲ್ಲಿ ತನ್ನ ವಿಚಾರ ಏನು ಬರೆದಿದೆ ಎಂದಳು. ಮೊದಲ ದಿನದ ಸಾಲು ಓದಿ ಹೇಳಿದೆ, ಎಷ್ಟು ಒಪ್ಪುವುದಿಲ್ಲ ಎಂಬುದು ಗೊತ್ತಿದ್ದರೆ ಸಾಕು ಎಂಬುದನ್ನು.

"ನಿಮಗೆ ಗೊತ್ತಿದ್ಯಾ, ಎಷ್ಟು ಅಂತ?" ಎಂದಳು.

ಅವಳ ಜೊತೆ ಕೂತು ಅಕ್ಕಿಯಲ್ಲಿ ಕಲ್ಲು ಆರಿಸಿದೆ.

೨೮ ಏಪ್ರಿಲ್, ಸೋಮವಾರ

ಜಿಗಣಿ. ನಲ್ಲಪ್ಪ ಆನೇಕಲ್ ರಸ್ತೆಯಲ್ಲಿ ಒಂದು ಬಾಳೆಹಣ್ಣು ಕೊಟ್ಟ.

ಭಾಗ್ಯಮ್ಮನವರು ಕೋಣೆಯ ಹೊರಗೆ ಜಗುಲಿಯ ಮೇಲೆ ಕೂತಿದ್ದರು. ನೋಟೀಸು ಬಂದ ದಿನ ಅಣ್ಣ ಬೀಗದ ಕೈ ಇಸಿದುಕೊಂಡನಂತೆ. ಅಳತೆಯ ಹೊತ್ತಿಗೆ ಮಾತ್ರ ಕೊಡುತ್ತಾನಂತೆ, ಬಾಗಿಲಲ್ಲೇ ನಿಂತಿರುತ್ತಾನಂತೆ. ಮಜ್ಜಿಗೆ ಬರಲಿಲ್ಲ.

ತಪ್ಪು ನನ್ನದು, ನೋಟೀಸು ರದ್ದಾಗಿದೆ ಎಂದು ಹೇಳಿ ನಕಲನ್ನು ಕೊಟ್ಟೆ. ಅದನ್ನು ಮಡಿಲಲ್ಲಿಟ್ಟುಕೊಂಡು, ಪ್ರತಿ ಸಾಲಿನ ಕೆಳಗೂ ಬೆರಳಿಟ್ಟು ಓದಿದರು. ಬೆರಳು ಒಂದು ಕಡೆ ನಿಂತಿತು.

"ಕಳೆ ಕೀಳೋ ಕೈ ಅಂದ್ರೆ ನಂದಾ ಸಾರ್?"

ಹೌದು ಎಂದೆ.

"ನೀವು ಯಾವತ್ತಾರ ಕಳೆ ಕಿತ್ತಿದೀರಾ?"

ಇಲ್ಲ ಎಂದೆ.

"ರಾಗಿ ಪೈರು ಯಾವ್ದು, ಕಳೆ ಯಾವ್ದು, ಎರಡೂ ಒಂದೇ ತರ ಕಾಣ್ತವೆ ಸಣ್ಣದ್ರಲ್ಲಿ. ಗೊತ್ತಿಲ್ದೋರು ಪೈರೇ ಕಿತ್ತಾಕ್ಬಿಡ್ತಾರೆ. ನೋಡಿ ಕೀಳ್ಬೇಕು."

ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಕೆಲಸ ಹೇಳಿಕೊಡುವ ಹಾಗೆ ಹೇಳಿದರು. ಆಮೇಲೆ ಪೆನ್ನು ಕೇಳಿ, ಹೌದು ಎಂದು ಬರೆದು, ಹೆಸರಿನ ಮೂರು ಅಕ್ಷರವನ್ನೂ ಬಿಡಿಬಿಡಿಯಾಗಿ ಬರೆದರು. ಇದರದ್ದೊಂದು ನಕಲು ತನಗೂ ಬೇಕು ಎಂದರು. ಯಾಕೆಂದು ಕೇಳಲಿಲ್ಲ, ಅವರೇ ಹೇಳಿದರು. ನೋಟೀಸನ್ನು ಅಣ್ಣ ಅರಳಿಕಟ್ಟೆಯಲ್ಲಿ ನಾಲ್ಕು ಜನರೆದುರು ಗಟ್ಟಿಯಾಗಿ ಓದಿದ್ದನಂತೆ. ಇದನ್ನೂ ಅಲ್ಲೇ, ಅವನ ಬಾಯಲ್ಲೇ ಓದಿಸಬೇಕಂತೆ. ಜಾಣೆ, ಕಾಣೆ ಎಲ್ಲಾ ಸೇರಿಸಿ.

ನನಗೆಂದು ಇಟ್ಟುಕೊಂಡಿದ್ದ ನಕಲನ್ನು ಕೊಟ್ಟೆ. ಅಣ್ಣ ದನ ಹೊಡೆದುಕೊಂಡು ಬಂದ. ಭಾಗ್ಯಮ್ಮನವರು ಏಳಲಿಲ್ಲ, ಕೈ ಮಾತ್ರ ಚಾಚಿದರು. ಅವನು ನನ್ನ ಮುಖ ನೋಡಿದ. ಸೊಂಟದಿಂದ ಬೀಗದ ಕೈ ಬಿಚ್ಚಿ ಕೊಟ್ಟ.

೫ ಮೇ, ಸೋಮವಾರ

ಪರವಾನಗಿ ಬಂತು. ಇವತ್ತಿನಿಂದ ಮಿಡಿತ ಜಿಗಣಿಯಿಂದಲೂ ಹೊರಡುತ್ತದೆ. ತೆರೆ ನೋಡುವ ಕೆಲಸ ನಮ್ಮದು. ದಾಖಲೆ ಪುಸ್ತಕವನ್ನು ಶ್ಯಾಮಣ್ಣ ಶನಿವಾರವೇ ವ್ಯಾನಿನಲ್ಲಿ ಜಿಗಣಿಗೆ ಕಳಿಸಿಬಿಟ್ಟಿದ್ದರು. ಇನ್ನು ಮೇಲೆ ಬರೆದುಕೊಳ್ಳುವವರು ಭಾಗ್ಯಮ್ಮನವರು, ಹೇಳುವವನು ನಾನು. ಮೇಜಿನ ಮೇಲೆ ಪುಸ್ತಕವಿದ್ದ ಜಾಗದಲ್ಲಿ ಚೌಕಾಕಾರದ ಮರದ ಬಣ್ಣ, ಸುತ್ತಲೂ ಧೂಳು. ಒರೆಸಿದೆ.

ಹನ್ನೊಂದಕ್ಕೆ ತೆರೆಯ ಮೇಲೆ ಎರಡು ಮೊನೆ ಎದ್ದವು. ಅಂಕಿ ನೋಡಿ ಫೋನಿನಲ್ಲಿ ಹೇಳಿದೆ, ಇನ್ನೂರಾ ಎಪ್ಪತ್ತನಾಲ್ಕು, ಜಿಗಣಿ ಮುಂದೆ.

ಆ ಕಡೆ ಪೆನ್ನು ಓಡುವ ಸದ್ದು ಬರಲಿಲ್ಲ.

"ಮುಂದೆ ಅಂದ್ರೆ ಎಂಗೆ ಸಾರ್? ಯಾವ್ದು ಬಂದಾಯ್ತು, ಯಾವ್ದು ಬರ್ಬೇಕು? ನೋಡಿ ಯೋಳಿ."

ಕನ್ನಡಕ ತೆಗೆದು ಒರೆಸಿಕೊಂಡು, ತೆರೆಯ ಹತ್ತಿರ ಬಗ್ಗಿ, ಮತ್ತೊಮ್ಮೆ ನೋಡಿದೆ.

"ನಿಮ್ಮದು ಮೊದಲು," ಎಂದೆ. "ನಮ್ಮದು ಆಮೇಲೆ."

"ಇನ್ನೊಂದ್ಸಲ ಯೋಳಿ."

ಹೇಳಿದೆ.

"ಬರ್ಕಂಡೆ" ಎಂದರು ಭಾಗ್ಯಮ್ಮನವರು.